ಮುತ್ತಿನಂಥ ಅಕ್ಷರ

ಕೊಪ್ಪಳ, ಫೆಬ್ರವರಿ 30, 2187

ನೂರರವತ್ತು ವರ್ಷದ ಹಿಂದೆ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಭಾಗ ನಡೆಸುವ ದೊಡ್ಡವರಿಗೆ ಯಮುನವ್ವನ ಶರಣು.

ಈ ತಾರೀಖು ನಿಮ್ಮಲ್ಲಿಲ್ಲ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಸಮ ಮಾಡಿದ್ದಾರೆ. ಮಾತು ವಿಚಿತ್ರವೆನಿಸಿದರೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಮೊಮ್ಮಗಳು ನೀಲಗಂಗಾ ತಾನೇ ಚೆಂದಾಗಿ ಬರೆದುಕೊಡುತ್ತೇನೆಂದಳು. ಬೈದು ಕಳಿಸಿದೆ. ಯಾಕೆಂದು ಹೇಳುತ್ತೇನೆ.

ನಿಮ್ಮ ಕೀಲಿಮಣೆ, ಪರದೆ ಯಾವುದೂ ಈಗ ಉಳಿದಿಲ್ಲ. ನಮ್ಮದು ನುಡಿಗಲ್ಲು: ಒರಳಿನಷ್ಟು ದಪ್ಪದ ಕರಿಯ ಯಂತ್ರ, ಮಾತನಾಡಿಸಿದರೆ ಕೆಲಸ ಮಾಡುತ್ತದೆ. ಒಬ್ಬರ ದನಿ ಅದಕ್ಕೆ ಪಳಗಲು ದಿನಗಟ್ಟಲೆ ಮಾತು ಬೇಕು. ಕಾಲುವೆಗೆ ನೀರು ಬಿಡುವುದು, ಆಸ್ಪತ್ರೆಯಲ್ಲಿ ಔಷಧಿ ಅಳೆಯುವುದು, ಓಣಿಯ ರೊಟ್ಟಿ ಒಲೆ ಉರಿಸುವುದು ಎಲ್ಲ ಅದೇ. ಇಷ್ಟೆಲ್ಲ ಬದಲಾದರೂ ನೀಲಗಂಗಾ ಈ ಕಲ್ಲಿನ ವಿದ್ಯೆ ಕಲಿಯಲು ಸೇರಿದ ಕಾಲೇಜಿನಲ್ಲಿ ನಿಮ್ಮ ಕಾಲದ ಒಂದು ಪದ್ಧತಿ ಹಾಗೇ ಇದೆ. ಲ್ಯಾಬ್ ರೆಕಾರ್ಡನ್ನು ಕೈಯಲ್ಲೇ ಬರೆಯಬೇಕು. ಯಾಕೆಂದು ಮೇಷ್ಟ್ರನ್ನು ಕೇಳಿದೆ; ಹಲ್ಲು ಕಿಸಿದರು.

ನಾಲ್ವರ ಗುಂಪಿಗೊಂದು ಕಲ್ಲು. ಗುಂಪಿನಲ್ಲಿ ನೀಲಗಂಗಾ ಒಬ್ಬಳೇ ಹುಡುಗಿ. ನಿನ್ನ ಅಕ್ಷರ ಮುತ್ತಿನಂಗ ಅದಾವ, ರೆಕಾರ್ಡ್ ನೀನ ಬರಿ ಎಂದು ಹುಡುಗರು ಮೊದಲ ದಿನವೇ ಹೇಳಿದರಂತೆ. ಹೊಗಳಿಕೆಯೆಂದು ಇವಳೂ ನಕ್ಕು ಪೆನ್ನು ಹಿಡಿದಳು. ಅವರು ಮಾತನಾಡುತ್ತ ಹೋದರು, ಇವಳು ಬರೆಯುತ್ತ ಹೋದಳು. ಎರಡನೇ ವರ್ಷದ ಪರೀಕ್ಷೆಯಲ್ಲಿ ಕಲ್ಲಿನ ಮುಂದೆ ಒಬ್ಬಳೇ ಕುಳಿತು ಬಾಯಿ ತೆರೆದರೆ, ತಾವು ಯಾರು ಎಂದು ಅದು ಕೇಳಿತು. ಹಿಂದೆ ಕೂತಿದ್ದ ಹುಡುಗರು ನಕ್ಕರು. ಹುಡುಗಿಯರಿಗೆ ಈ ವಿದ್ಯೆ ಒಗ್ಗುವುದಿಲ್ಲ ಎಂದು ಮೇಷ್ಟ್ರು ತೀರ್ಮಾನ ಕೊಟ್ಟರು. ಮರುದಿನ ಕಾಲೇಜು ಬಿಟ್ಟು, ಬಟ್ಟೆಬರೆಯ ತಗಡಿನ ಪೆಟ್ಟಿಗೆ ಸಮೇತ ಮನೆಗೆ ಬಂದಳು.

"ಅಜ್ಜಿ, ಎರಡು ವರ್ಷ ಅದರ ಮಗ್ಗಲದಾಗ ಕುಂತೀನಿ. ಅದಕ್ಕ ನನ್ನ ದನೀನ ಗೊತ್ತಿಲ್ಲ."

ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಹುಡುಗಿಯರು ಬನ್ನಿ ಎಂದು ನೀವು ಫಲಕ ಹಾಕುತ್ತಿದ್ದಿರಂತೆ, ಬಂದವರಿಗೆ ಗುಲಾಬಿ ಕೊಟ್ಟು ಫೋಟೊ ತೆಗೆಸುತ್ತಿದ್ದಿರಂತೆ. ಈಗಿನವರೂ ಅದನ್ನೇ ಮಾಡುತ್ತಾರೆ. ಒಳಗೆ ಬಂದವಳು ಯಾವ ಕುರ್ಚಿಯಲ್ಲಿ ಕೂತಳೆಂದು ಒಬ್ಬರೂ ನೋಡುವುದಿಲ್ಲ. ಸೊಸೆಯನ್ನು ಮೆರವಣಿಗೆಯಲ್ಲಿ ಕರೆತಂದು ಹಿತ್ತಲಲ್ಲಿ ಮುಸುರೆ ತಿಕ್ಕಲು ಕೂರಿಸಿದ ಹಾಗೆ. ಆಮೇಲೆ ತವರಿಗೆ ಹೋದಳಲ್ಲ ಎಂದು ಅಚ್ಚರಿ ಬೇರೆ.

ಒಂದೇ ಕೇಳುತ್ತೇನೆ. ನಾಳೆ ನಿಮ್ಮ ಲ್ಯಾಬಿಗೆ ಹೋಗಿ. ಪೆನ್ನು ಹಿಡಿದು ಕೂತವಳನ್ನು ಎಬ್ಬಿಸಿ ಕೀಲಿಮಣೆಯ ಮುಂದೆ ಕೂರಿಸಿ. ರೆಕಾರ್ಡನ್ನು ಹುಡುಗರೂ ಬರೆಯಲಿ. ಸೊಟ್ಟ ಅಕ್ಷರದಿಂದ ಯಾರೂ ಸತ್ತಿಲ್ಲ. ಈ ಪತ್ರ ನೋಡಿ.

ನೀವು ಹಾಗೆ ಮಾಡಿದರೆ ಹುಡುಗಿಯ ಕೈಗೇ ಪೆನ್ನು ಕೊಡುವ ಪದ್ಧತಿ ನಮ್ಮವರೆಗೆ ಬರುವುದಿಲ್ಲ, ಬಾಗಿಲ ಬಳಿ ಈ ತಗಡಿನ ಪೆಟ್ಟಿಗೆಯೂ ಇರುವುದಿಲ್ಲ. ಅದನ್ನೇ ನೋಡುತ್ತ ಕೂತಿದ್ದೇನೆ.

ಪೆಟ್ಟಿಗೆ ಇನ್ನೂ ಅಲ್ಲೇ ಇದೆ.