ಉಗುಳದ ವೈದ್ಯ

ವಾಡಿ
೧೪-೯-೧೯೮೬

ಶ್ರೀ ಅಂಬಾರಾಯರಿಗೆ,

ಮಹಾದೇವಮ್ಮನ ನಮಸ್ಕಾರ. ಇಷ್ಟು ವರ್ಷ ಸಂಸಾರ ಮಾಡಿದವಳು ಗಂಡನ ಹೆಸರು ಹಿಡಿದು ಬರೆದಳಲ್ಲ ಎಂದು ಹುಬ್ಬೇರಿಸಬೇಡಿ. ಪ್ರೀತಿಯ, ಪೂಜ್ಯ ಎಂದೆಲ್ಲ ಬರೆಯಲು ಕೈ ಬರಲಿಲ್ಲ. ನಿಮ್ಮ ಕ್ಷೇಮವನ್ನೂ ಕೇಳುತ್ತಿಲ್ಲ. ಮುಧೋಳದಲ್ಲಿ ಜನ ಕಾಲಿಗೆ ಬೀಳುತ್ತಿದ್ದಾರೆ, ವಿಡಿಯೋ ಪ್ರದರ್ಶನ ಚೆನ್ನಾಗಿ ನಡೆದಿದೆ, ಮನೆ ನೋಡಿದ್ದೇನೆ, ಹೊರಟು ಬಾ ಎಂದು ನೀವೇ ಬರೆದಿದ್ದೀರಿ. ನಾನು ಬರುವುದಿಲ್ಲ. ಯಾಕೆಂದು ಬರೆಯುತ್ತೇನೆ, ಪೂರ್ತಿ ಓದಿ.

ಟೀವಿ, ವಿಡಿಯೋ ಇಟ್ಟುಕೊಂಡಿದ್ದ ನಾಮದೇವನ ಅಣ್ಣ ದುಬೈಯಿಂದ ಆ ಜಪಾನಿ ಕಾರ್ಟೂನಿನ ಕ್ಯಾಸೆಟ್ಟುಗಳನ್ನು ತಂದಾಗ ನಮ್ಮ ಕ್ವಾರ್ಟರ್ಸಿನಲ್ಲಿ ಯಾರಿಗೂ ಅದರ ಒಂದು ಮಾತೂ ತಿಳಿಯಲಿಲ್ಲ. ನೀವು ದೊಡ್ಡಾಟದಲ್ಲಿ ಸಾರಥಿಯಾಗಿ ನಿಂತು ಬಂದ ಪಾತ್ರಗಳನ್ನೆಲ್ಲ ಜನರಿಗೆ ತಿಳಿಸಿ ಹೇಳುತ್ತಿದ್ದವರು. ಟೀವಿಯ ಪಕ್ಕದಲ್ಲೂ ಹಾಗೇ ನಿಂತು ಕನ್ನಡದಲ್ಲಿ ಕಥೆ ಕಟ್ಟತೊಡಗಿದಿರಿ. ಕ್ಯಾಸೆಟ್ಟಿಗೊಬ್ಬ ಹೊಸ ರಾಕ್ಷಸ ಬರುತ್ತಿದ್ದ, ಹೋಗುತ್ತಿದ್ದ. ಬಿಳಿ ಮುಖದ, ಕರಿ ನಿಲುವಂಗಿಯ ಆ ಮನುಷ್ಯ ಮಾತ್ರ ಎಲ್ಲದರಲ್ಲೂ ಇರುತ್ತಿದ್ದ. ಮಲಗಿದ ಹುಡುಗಿಯರ ಕುತ್ತಿಗೆಗೆ ಬಾಯಿ ಹಚ್ಚುತ್ತಿದ್ದ. ಅಲ್ಲಿ ಎರಡು ಹಲ್ಲಿನ ಗುರುತು ಕಾಣುತ್ತಿತ್ತು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಸಂದಿಯಲ್ಲಿ ಹಾವು ನೋಡುತ್ತಲೇ ಬೆಳೆದ ನಮಗೆ ಎರಡು ಹಲ್ಲಿನ ಗುರುತೆಂದರೆ ಹಾವೇ. ಇವನು ವಿಷ ಹೀರುವ ವೈದ್ಯ ಎಂದಿರಿ. ಕಪ್ಪು ಬಿಳುಪು ಟೀವಿಯಲ್ಲಿ ಅವನ ತುಟಿಯಿಂದ ಇಳಿದದ್ದೂ ಕಪ್ಪಗೇ ಕಂಡಿತು. ಎಲ್ಲರೂ ನಂಬಿದರು, ನಾನೂ ನಂಬಿದೆ. ಅಲ್ಲಿಯವರೆಗೆ ಯಾರದೂ ತಪ್ಪಿಲ್ಲ.

ವಿಷ ಹೀರಿದವನು ಉಗುಳುವುದಿಲ್ಲವೇಕೆ ಎಂದು ನೋಡಲು ಬಂದವರಲ್ಲಿ ಮಾಣಿಕಪ್ಪ ಕೇಳಿದ್ದ. ಇವನು ವಿಷಕಂಠನ ಅಂಶದವನು, ನುಂಗಿ ಅರಗಿಸಿಕೊಳ್ಳುತ್ತಾನೆ ಎಂದುಬಿಟ್ಟಿರಿ. ಮುಂದಿನ ಭಾನುವಾರ ಹೆಂಗಸರು ಟೀವಿಯ ಮುಂದೆ ಕಾಯಿ ಒಡೆದರು.

ಆಮೇಲೆ ನಾಮದೇವ ಕಲರ್ ಟೀವಿ ತಂದ. ಜನ ಸೇರುವ ಮೊದಲು ನಾವು ಮೂವರೇ ಕೂತು ಕೊನೆಯ ಕ್ಯಾಸೆಟ್ಟು ನೋಡಿದೆವು. ಆ ವೈದ್ಯ ಕುಡಿಯುತ್ತಿದ್ದದ್ದು ಕೆಂಪಗಿತ್ತು. ಅವನು ಕಚ್ಚಿದ ಹುಡುಗಿ ಎದ್ದು ಕೂತು, ಕೋರೆಹಲ್ಲು ಬಿಟ್ಟು ಸ್ವಂತ ತಮ್ಮನ ಕುತ್ತಿಗೆಗೆ ಬಾಯಿ ಹಾಕಿದಳು. ಆ ಕರಿ ನಿಲುವಂಗಿಯವನ ಮನೆಮಂದಿಯೆಲ್ಲ ಹೆಣದ ಪೆಟ್ಟಿಗೆಗಳಿಂದ ಎದ್ದು ಬಂದು ಬಟ್ಟಲಲ್ಲಿ ರಕ್ತ ಹಂಚಿಕೊಂಡು ತುಟಿ ನೆಕ್ಕಿದರು. ಇವನೇ ದುಷ್ಟ, ಇವತ್ತೇ ಜನರಿಗೆ ಹೇಳಿಬಿಡಿ ಎಂದೆ. ನೀವು ಕೊಟ್ಟ ಉತ್ತರ ಅಕ್ಷರಶಃ ನೆನಪಿದೆ: "ಮಂದಿ ಕೈ ಮುಗ್ಯಾಕತ್ತ್ಯಾರ. ಈಗ ಹ್ಯಾಂಗ ಬದಲ್ ಮಾಡ್ಲಿ?" ನಾಮದೇವ ಗುಂಡಿ ತಿರುವಿ ಬಣ್ಣ ತೆಗೆದ. ಕಲರ್ ಟೀವಿಯೂ ಕಪ್ಪು ಬಿಳುಪಾಯಿತು. ನೀವು ಮತ್ತೆ ವೈದ್ಯನ ಕಥೆಯನ್ನೇ ಹೇಳಿದಿರಿ.

ಅದಾದ ಸ್ವಲ್ಪ ದಿನಕ್ಕೇ ಪಕ್ಕದ ಮನೆಯ ಪೀರಮ್ಮನ ಮಗಳು ರತ್ನಿಗೆ ಕಲ್ಲಿನ ರಾಶಿಯ ಹತ್ತಿರ ಹಾವು ಕಚ್ಚಿತು. ಪೀರಮ್ಮ ಮಗಳನ್ನು ಹೊತ್ತು, ದವಾಖಾನೆಯನ್ನು ದಾಟಿ ನಮ್ಮ ಬಾಗಿಲಿಗೆ ಬಂದಳು. "ಅಣ್ಣಾ, ನಿನಗ ಆ ವೈದ್ಯನ ವಿದ್ಯಾ ಗೊತ್ತದ. ಉಳಸು" ಎಂದಳು. ನನಗೇನೂ ಗೊತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀವು ಹಗ್ಗದಿಂದ ಕಾಲು ಬಿಗಿದು, ಬ್ಲೇಡಿನಿಂದ ಕೊಯ್ದು ಬಾಯಿ ಹಚ್ಚಿದಿರಿ. ಅದೂ ಇರಲಿ, ಗಾಬರಿಯಲ್ಲಿ ಮನುಷ್ಯ ಏನೋ ಮಾಡುತ್ತಾನೆ. ಆದರೆ ತಂಬಾಕಿನ ಆ ಬಾಯಿತುಂಬ ಮಗುವಿನ ರಕ್ತ ಇಟ್ಟುಕೊಂಡು ನೀವು ಉಗುಳಲಿಲ್ಲ. ತಲೆ ಎತ್ತಿ, ಜನ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸಿ, ನುಂಗಿದಿರಿ. ಥೂ! ಬರೆಯುವಾಗಲೂ ಹೇಸಿಗೆಯಾಗುತ್ತದೆ.

ಹುಡುಗಿಯನ್ನು ನಿಮ್ಮ ಕೈಯಿಂದ ಕಿತ್ತುಕೊಂಡು ಜೀಪಿನಲ್ಲಿ ಗುಲ್ಬರ್ಗಾಕ್ಕೆ ಒಯ್ದೆ. ಮರುದಿನ ಬಂದರೆ ನೀವು ಊಟಕ್ಕೆ ಕೂತಿದ್ದಿರಿ, ಮೀಸೆಯಲ್ಲಿ ರಕ್ತ ಒಣಗಿತ್ತು. ಆ ತಟ್ಟೆಯನ್ನು ತಿಪ್ಪೆಗೆ ಎಸೆದಿದ್ದೇನೆ.

ನೀವು ನಾಮದೇವನ ಜೊತೆ ಟೀವಿ ಕಟ್ಟಿಕೊಂಡು ಹೊರಟ ಮೇಲಿನದು ನಿಮಗೆ ಗೊತ್ತಿಲ್ಲ. ಡಾಕ್ಟರು ಸೂಜಿ ಹಾಕಿ ಜೀವ ಉಳಿಸಿದರು. ಹಗ್ಗ ಬಿಗಿದ ಕಾಲಿಗೆ ರಕ್ತ ಓಡದೆ ಪಾದ ಕೊಳೆಯಿತು, ಕತ್ತರಿಸಿದರು. ಪೀರಮ್ಮ ಮಾತ್ರ ಇಂದಿಗೂ ಮಗಳನ್ನು ಉಳಿಸಿದವರು ನೀವೇ ಎನ್ನುತ್ತಾಳೆ. ನಾನು ಎಲ್ಲ ಬಿಡಿಸಿ ಹೇಳಿದೆ. ಗಂಡನ ಮೇಲಿನ ಸಿಟ್ಟಿಗೆ ಹೀಗೆ ಆಡುತ್ತೀ ಎಂದು ನನ್ನನ್ನೇ ಬೈದಳು.

ಮೊನ್ನೆ ಮುಧೋಳದಲ್ಲೂ ಹಾವು ಕಚ್ಚಿದವನೊಬ್ಬನನ್ನು ನಿಮ್ಮಲ್ಲಿಗೆ ತಂದಿದ್ದರು ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಅವನು ಬದುಕಿದನೇ ಎಂಬುದನ್ನು ಬರೆದಿಲ್ಲ. ಕಾರ್ಟೂನಿನವನು ಹಸಿವೆಗೆ ರಕ್ತ ಕುಡಿಯುತ್ತಾನೆ. ನೀವು ನಾಲ್ಕು ಮಂದಿ ಕೈ ಮುಗಿಯಲಿ ಎಂದು ಕುಡಿದಿರಿ. ಟೀವಿಗೆ ಬಣ್ಣ ಹಾಕಿ, ಜನರ ಮುಂದೆ ನಿಂತು, ಇವನು ವೈದ್ಯನಲ್ಲ, ನಾನೂ ಅಲ್ಲ, ಕಚ್ಚಿಸಿಕೊಂಡವರನ್ನು ದವಾಖಾನೆಗೆ ಒಯ್ಯಿರಿ ಎಂದು ಹೇಳಿ. ಹೇಳುವವರೆಗೆ ನಿಮ್ಮ ಮನೆಯ ಹೊಸ್ತಿಲು ತುಳಿಯಲಾರೆ.

ಇಂತಿ,
ಮಹಾದೇವಮ್ಮ

ತಾ.ಕ.: ಇದನ್ನು ಅಂಚೆಗೆ ಹಾಕಿಲ್ಲ, ಪೀರಮ್ಮನ ಕೈಯಲ್ಲೇ ಕೊಟ್ಟಿದ್ದೇನೆ. ನಿಮಗೆ ಟವೆಲು, ಕಾಯಿ ಕೊಟ್ಟು ಕಾಲಿಗೆ ಬೀಳಬೇಕೆಂದು ರತ್ನಿಯನ್ನು ಎತ್ತಿಕೊಂಡು ಬರುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ಅಕ್ಕ ಏನು ಬರೆದಿದ್ದಾಳೆ ಎಂದು ಎದುರಿಗೆ ಕೂತು ನಿಮ್ಮನ್ನೇ ಕೇಳುತ್ತಾಳೆ. ಇದ್ದದ್ದು ಇದ್ದ ಹಾಗೆ ಓದಿ ಹೇಳಿ.