ಬೆನ್ನಿನ ಮೇಲಿನ ಗೆರೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಇಲಿಮರಿಗೆ,

ನಿನ್ನ ಅಕ್ಕನ ಆಶೀರ್ವಾದ, ಜೊತೆಗೆ ಒಂದು ಸಣ್ಣ ಗದರಿಕೆ. ಕಾಗದ ಬರೆಯುವಾಗ ಅಕ್ಷರ ಸ್ವಲ್ಪ ದೊಡ್ಡದಾಗಿ ಬರೆ. ಕನ್ನಡಕ ಹಾಕಿಕೊಂಡರೂ ಓದಲಾಗದೆ ಅಮ್ಮ ಅದನ್ನು ನನ್ನ ಕೈಗೆ ಕೊಟ್ಟಳು. ನಿನ್ನ ಹೊಗಳಿಕೆಯನ್ನೆಲ್ಲ ನಾನೇ ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಕಲಾಶಾಲೆಯವರಿಗೆ ನಿನ್ನ ಚಿತ್ರಗಳ ಫೋಟೊ ಹಿಡಿಸಿದೆ, ಸಂದರ್ಶನಕ್ಕೆ ಕರೆದಿದ್ದಾರೆ, ಮುಂದಿನ ವಾರ ಮೂಲ ಚಿತ್ರಗಳನ್ನೇ ಒಯ್ದು ತೋರಿಸಬೇಕು, ಒಂದು ಕಡಿಮೆಯಾದರೂ ಸೀಟು ಕೊಡುವುದಿಲ್ಲ. ಈ ಭಾಗವನ್ನು ಅಮ್ಮ ನನ್ನಿಂದ ಮತ್ತೆ ಮತ್ತೆ ಓದಿಸಿದಳು. ಎದುರು ಮನೆಯವರು ಬಂದಾಗ ಅವರಿಗೂ ಓದಿಸಿದಳು. ನನ್ನ ಗಂಟಲು ಕಟ್ಟಿತು.

ನೀನು ಕೇಳಿದ ಆ ಒಂದು ಚಿತ್ರ, ನಾನು ಏಣಿಯ ಮೇಲೆ ನಿಂತು ಬೋರ್ಡ್ ಬರೆಯುತ್ತಿರುವುದು, ಇಲ್ಲಿ ಸಿಗಲಿಲ್ಲ. ನಮ್ಮ ಚಿತ್ರದ ಮೇಷ್ಟ್ರ ಮೇಜಿನ ಮೇಲೆ ಬಿಟ್ಟಿದ್ದೆ ಎಂದು ಬರೆದಿದ್ದೀಯ. ಹೋಗಿ ಕೇಳಿದೆ. ಪಾಪ, ಅವರು ಮೇಜು, ಬೀರು, ಮಂಚದ ಅಡಿ ಎಲ್ಲ ತಡಕಾಡಿ, "ಇಲ್ಲೇ ಇತ್ತಮ್ಮ, ಎಲ್ಲಿಗೆ ಹೋಗತ್ತೆ" ಅಂದರು. ನಾನೂ ಅವರ ಜೊತೆ ಬಗ್ಗಿ ಹುಡುಕಿದೆ. ನೀನು ಮೊದಲಿನಿಂದಲೂ ಹಾಗೆಯೇ. ಪೆನ್ಸಿಲ್ ಒಂದು ಕಡೆ, ರಬ್ಬರ್ ಇನ್ನೊಂದು ಕಡೆ. ಬೇಕಾದ ವಸ್ತುವನ್ನು ಜೋಪಾನವಾಗಿ ಇಟ್ಟುಕೊಳ್ಳಲು ಬರದವಳಿಗೆ ಕಲಾಶಾಲೆ ಬೇರೆ.

ಅಷ್ಟಕ್ಕೂ ಅದೇ ಯಾಕೆ ಬೇಕು? ಬೇರೆ ಒಂದನ್ನು ತೆಗೆದುಕೊಂಡು ಹೋಗು. ಫೋಟೊದಲ್ಲಿದ್ದದ್ದನ್ನೇ ತೋರಿಸಬೇಕೆಂದು ಬರೆದಿದ್ದೀಯ, ಗೊತ್ತು, ಆದರೂ ಕೇಳುತ್ತಿದ್ದೇನೆ. ನಾನು ಅದನ್ನು ಸರಿಯಾಗಿ ನೋಡಿಯೂ ಇಲ್ಲ. ಬಲಗಾಲಿನ ಹಿಮ್ಮಡಿ ಮೆಟ್ಟಿಲಿನಿಂದ ಸ್ವಲ್ಪ ಮೇಲೆದ್ದಿದೆ, ಎಡ ಸೊಂಟದ ಹತ್ತಿರ ಪೆನ್ಸಿಲನ್ನು ಒತ್ತಿ ಎಳೆದಿದ್ದೀಯ, ಜಡೆ ಕುಪ್ಪಸದೊಳಗೆ ಸಿಕ್ಕಿಕೊಂಡಿದೆ. ಅಂಥ ವಿಶೇಷವೇನೂ ಇಲ್ಲ.

ನಿಜ ಹೇಳಲೇ? ನನಗೆ ಹೊಟ್ಟೆಕಿಚ್ಚು. ಅಕ್ಕ ಎನಿಸಿಕೊಂಡವಳು ಹೀಗೆ ಬರೆಯಬಾರದು, ಆದರೆ ಯಾರಿಗಾದರೂ ಹೇಳದಿದ್ದರೆ ಊಟ ಮೈಗೆ ಹತ್ತುವುದಿಲ್ಲ. ಅಮ್ಮನಿಗೆ ಹೇಳಿದರೆ ನಿನ್ನದೇ ಪರ ವಹಿಸುತ್ತಾಳೆ. ಉಳಿದವಳು ನೀನೊಬ್ಬಳೇ.

ಬೇಕರಿಯ ಮೇಲಿನ ಆ ಕೋಣೆಯ ಚಿತ್ರದ ತರಗತಿಗೆ ನಾನು ಮೊದಲು ಸೇರಿದವಳು. ನೀನು ಬಂದದ್ದು ಕೆಳಗಿನಿಂದ ಬರುವ ಬ್ರೆಡ್ಡಿನ ವಾಸನೆಗೆ. ದೊಡ್ಡ ಕಲಾವಿದರು ಬರೆದ ಮೈಕಟ್ಟಿನ ಚಿತ್ರಗಳನ್ನು ನೋಡಿ ನೋಡಿ ನಕಲು ಮಾಡುವುದೇ ನಮ್ಮ ಪಾಠ. ನಕಲು ಮುಗಿದ ಮೇಲೆ ಮೇಷ್ಟ್ರು ಅದನ್ನು ಮೂಲದ ಮೇಲಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿಯುತ್ತಾರೆ. ಬೆಳಕಿನಲ್ಲಿ ಗೆರೆ ಎಲ್ಲಿ ದಾರಿ ತಪ್ಪಿದೆಯೋ ಅಲ್ಲಿ ಕೆಂಪು ಪೆನ್ಸಿಲ್. ಸರಿ ಬಂದರೆ ಮೂಲೆಯಲ್ಲಿ ಮೊದಲು ಗುರುವಿನ ಹೆಸರು, ಅಂದರೆ ಮೂಲ ಚಿತ್ರ ಬರೆದವರದು, ಅದರ ಕೆಳಗೆ ಸಣ್ಣದಾಗಿ ನಮ್ಮ ಹೆಸರು ಬರೆಯಬೇಕು. ನನ್ನ ಹಾಳೆಗಳಲ್ಲಿ ಕೆಂಪು ಬಿದ್ದದ್ದು ಕಡಿಮೆ. ನಿನ್ನವು ದಡಾರ ಬಂದ ಮಕ್ಕಳ ಹಾಗಿರುತ್ತಿದ್ದವು. ನಿನಗೆ ಸಮಾಧಾನ ಹೇಳುತ್ತಾ ಮನೆಗೆ ನಡೆಯುವಾಗ ನನಗೆ ಎಷ್ಟು ಖುಷಿಯಾಗುತ್ತಿತ್ತು ಎಂದು ನೀನು ಊಹಿಸಿರಲಿಕ್ಕಿಲ್ಲ.

ಆಮೇಲೆ ಆ ಬೆನ್ನು ತಿರುಗಿಸಿ ನಿಂತ ಹೆಂಗಸಿನ ಚಿತ್ರ ಬಂತು. ಮೇಷ್ಟ್ರು ತಮ್ಮ ಹಳೆಯ ಪುಸ್ತಕದ ಹಾಳೆಯೊಂದನ್ನು ಎಂದೋ ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದ್ದರಲ್ಲ, ಅದು. ಅವಳ ಎಡ ಹೆಗಲಿನಿಂದ ಕಂಕುಳಿನ ಕೆಳಗಿನವರೆಗೆ ಒಂದು ತೆಳು ಗೆರೆ. ಆ ಗೆರೆ ಬಂದರೆ ಬೆನ್ನು ಬಂದ ಹಾಗೆ ಎಂದು ನಾವೆಲ್ಲ ನಂಬಿದ್ದೆವು. ನಾನು ಅದನ್ನು ಅಭ್ಯಾಸ ಮಾಡಿದಷ್ಟು ಯಾರೂ ಮಾಡಿಲ್ಲ. ಹೊಸಬರು ಬಂದರೆ ಮೇಷ್ಟ್ರು ನನ್ನ ಹಾಳೆ ತೋರಿಸುತ್ತಿದ್ದರು. ಕೊನೆಗೆ ಯಾರ ಬೆನ್ನು ಬರೆದರೂ ನನ್ನ ಕೈ ತಾನಾಗಿ ಆ ಗೆರೆ ಎಳೆಯುತ್ತಿತ್ತು. ನೀನು ಮಾತ್ರ ಅದನ್ನು ಬಿಟ್ಟುಬಿಟ್ಟೆ. ಮರೆತಿದ್ದಾಳೆ, ಇವತ್ತು ಕೆಂಪು ಗ್ಯಾರಂಟಿ ಎಂದುಕೊಂಡೆ. ಮೇಷ್ಟ್ರು ಕೇಳಿದರೆ ನೀನು ಉಗುರು ಕಚ್ಚುತ್ತಾ, "ನಮ್ಮಕ್ಕ ತಲೆಗೆ ಸ್ನಾನ ಮಾಡಿ ಕೂದಲು ಒರೆಸ್ಕೋವಾಗ ನೋಡ್ದೆ ಸಾರ್, ಅವಳ ಬೆನ್ನಲ್ಲಿ ಇಂಥದ್ದೇನೂ ಇಲ್ಲ" ಅಂದೆ.

ತರಗತಿಯ ತುಂಬ ಜನರ ಎದುರು ನನ್ನ ಬೆನ್ನಿನ ವಿಷಯ. ಅದನ್ನಾದರೂ ಕ್ಷಮಿಸಬಹುದಿತ್ತು. ಮೇಷ್ಟ್ರು ಬೀರು ತೆರೆದರು, ಧೂಳು ಕೊಡವಿ ಆ ಪುಸ್ತಕ ತೆಗೆದರು. ಚಿತ್ರದ ಹಾಳೆ ಓರೆಯಾಗಿ ಮಡಚಿ ಬಿಚ್ಚಿದ್ದು. ಮಡಿಕೆಯ ನೆರಳು ಜೆರಾಕ್ಸಿನಲ್ಲಿ ಗೆರೆಯಾಗಿ ಬಿದ್ದಿತ್ತು, ಅಷ್ಟೇ. "ಇಷ್ಟು ವರ್ಷ ಮಡಿಕೆಗೆ ಮಾಂಸ ತುಂಬಿಸ್ತಾ ಇದ್ವಲ್ರೋ" ಎಂದು ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ನಕ್ಕರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಆವತ್ತು ಮನೆಗೆ ನಡೆಯುವಾಗ ನೀನು ನನ್ನ ಕೈ ಹಿಡಿಯಲು ಬಂದೆ, ನಾನು ಚೀಲವನ್ನು ಆ ಕೈಗೆ ಬದಲಾಯಿಸಿಕೊಂಡೆ.

ಅಂದಿನಿಂದ ಮೇಷ್ಟ್ರಿಗೆ ನೀನೇ ಕಣ್ಮಣಿ. ನಕಲು ಸಾಕು, ಎದುರಿಗಿರುವವರನ್ನು ನೋಡಿ ಬರೆ ಎಂದು ನಿನಗೆ ಹೇಳಿದರು. ನನಗೆ ಹೇಳಲಿಲ್ಲ. ಒಂದು ಸಂಜೆ ಬಾಯಿ ಬಿಟ್ಟು ಕೇಳಿಯೂ ಕೇಳಿದೆ. "ನಕಲು ಮಾಡೋದು ಅವರು ಹೇಗೆ ನೋಡಿದ್ರು ಅಂತ ತಿಳ್ಕೊಳ್ಳೋಕೆ. ನಿನ್ನ ಕೈಗೆ ಎಲ್ಲಾ ಗೊತ್ತು ಕಣಮ್ಮ, ಅದನ್ನ ಕೇಳಿ ನೋಡು" ಅಂದರು. ಇದೆಂಥ ಉತ್ತರ? ಕೈಯನ್ನು ಕೇಳಲು ಅದಕ್ಕೆ ಬಾಯಿ ಇದೆಯೇ? ಕೋಪ ಬಂತು, ತರಗತಿಗೆ ಹೋಗುವುದನ್ನೇ ಬಿಟ್ಟೆ. ನೀನು ನನ್ನ ಬೋರ್ಡ್ ಬರೆಯುವ ಅಂಗಡಿಗೇ ಬಂದು, ನಾನು ಕೆಲಸ ಮಾಡುವಾಗ ಬಣ್ಣದ ಡಬ್ಬಿಯ ಮೇಲೆ ಕುಳಿತು ನನ್ನನ್ನೇ ಬರೆಯತೊಡಗಿದೆ. ನಾನು ತಿರುಗಿ ನೋಡಲಿಲ್ಲ. ಅದಕ್ಕೇ ನೀನು ಬರೆದದ್ದೆಲ್ಲ ನನ್ನ ಬೆನ್ನು.

ಇಲ್ಲಿ ಬೇರೆ ಸುದ್ದಿ ಏನಿಲ್ಲ. ಅಮ್ಮನ ಕೆಮ್ಮು ಇಳಿದಿದೆ. ಅಂಗಡಿಯಲ್ಲಿ ಹಲ್ಲಿನ ಡಾಕ್ಟರ ಬೋರ್ಡಿನ ಕೆಲಸ, ಹಲ್ಲು ಬರೆದು ಬರೆದು ನನಗೇ ಹಲ್ಲುನೋವು ಬಂದ ಹಾಗಾಗಿದೆ. ಚಿತ್ರ ಸಿಕ್ಕರೆ ಕಳಿಸುತ್ತೇನೆ. ಸಿಗದಿದ್ದರೆ ನನ್ನನ್ನು ದೂರಬೇಡ. ಈ ವರ್ಷ ಆಗದಿದ್ದರೆ ಮನೆಗೆ ಬಾ, ನಿನ್ನ ಹಾಸಿಗೆ ಹಾಗೆಯೇ ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಹೊಟ್ಟೆಕಿಚ್ಚಿನ ಅಕ್ಕ

ತಾ.ಕ.: ಇವತ್ತು ಬುಧವಾರ. ಮೇಲಿನದನ್ನು ಅಂಚೆಗೆ ಹಾಕಲು ಕೈ ಬರಲಿಲ್ಲ. ಹರಿದು ಬೇರೆ ಬರೆಯೋಣವೆಂದರೆ ಅದಕ್ಕೂ ಮನಸ್ಸಾಗಲಿಲ್ಲ, ಇದ್ದದ್ದು ಇದ್ದ ಹಾಗೆ ಓದು.

ಚಿತ್ರ ನನ್ನ ಹತ್ತಿರವೇ ಇತ್ತು. ನೀನು ಊರು ಬಿಟ್ಟ ಮರುದಿನ ಮೇಷ್ಟ್ರ ಮೇಜಿನಿಂದ ತಂದಿದ್ದೆ. ಮಂಚದ ಅಡಿ ಅವರ ಜೊತೆ ಹುಡುಕುವಾಗ ಅದು ಅಂಗಡಿಯಲ್ಲಿ, ಅಕ್ಷರ ಕೊರೆದ ತಗಡುಗಳ ಕೆಳಗೆ ಮಡಚಿ ಬಿದ್ದಿತ್ತು. ಮಡಚಿದ್ದು ನಾನೇ, ಸಿಟ್ಟಿನಲ್ಲಿ. ಸೋಮವಾರ ಅಂಗಡಿ ಮುಚ್ಚಿದ ಮೇಲೆ ಬಿಚ್ಚಿ ಎದುರಿಗಿಟ್ಟುಕೊಂಡೆ. ತಪ್ಪು ಹುಡುಕಬೇಕೆಂದೇ ಕುಳಿತದ್ದು. ಒಂದು ಚಿತ್ರದ ತಪ್ಪು ಹುಡುಕಲು ನನಗೆ ಗೊತ್ತಿರುವ ದಾರಿ ಒಂದೇ, ನಕಲು ಮಾಡುವುದು.

ಎಡ ಸೊಂಟದ ಆ ಗೆರೆಯನ್ನು ನಿನ್ನಷ್ಟೇ ಒತ್ತಿ ಎಳೆದಾಗ ಕೈಗೆ ತಿಳಿಯಿತು, ಭಾರವೆಲ್ಲ ಎಡಗಾಲಿನ ಮೇಲಿದೆ. ಬಲ ಹಿಮ್ಮಡಿ ಮೇಲೆದ್ದದ್ದು ಅದಕ್ಕೇ. ಬಲ ಮೊಣಕಾಲು ನೋಯುತ್ತದೆಂದು ನಾನು ಯಾರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಏಣಿ ಹತ್ತಲಾಗದವಳಿಗೆ ಬೋರ್ಡಿನ ಅಂಗಡಿಯಲ್ಲಿ ಏನು ಕೆಲಸ ಎಂಬ ಭಯ. ನೀನು ಹಿಂದೆ ಕುಳಿತು ಅದನ್ನೂ ನೋಡಿದ್ದೀಯ, ನೋಡಿಯೂ ಬಾಯಿ ಬಿಡದೆ ಇದ್ದೀಯ. ಪೆನ್ಸಿಲ್ ಕೆಳಗಿಟ್ಟು ಅತ್ತೆ.

ಮೂಲವನ್ನು ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಎರಡು ರಟ್ಟುಗಳ ನಡುವೆ ಇಟ್ಟು ಇದರ ಜೊತೆ ಕಳಿಸುತ್ತಿದ್ದೇನೆ. ಮಡಿಕೆ ಪೂರ್ತಿ ಹೋಗಿಲ್ಲ, ಯಾರಾದರೂ ಕೇಳಿದರೆ ಅಕ್ಕನ ಕೆಲಸ ಎಂದು ಹೇಳು. ನಕಲು ಇಲ್ಲೇ ಉಳಿಯಿತು. ಅದರಲ್ಲಿ ಮಡಿಕೆಯ ಗೆರೆ ಇಲ್ಲ. ಮೇಷ್ಟ್ರ ಕೋಣೆಯಲ್ಲಿ, ಬೆನ್ನು ತಿರುಗಿಸಿ ನಿಂತ ಆ ಹೆಂಗಸಿನ ಪಕ್ಕದಲ್ಲೇ ಅಂಟಿಸಿ ಬಂದಿದ್ದೇನೆ. ನಿಯಮದ ಪ್ರಕಾರ ಮೂಲೆಯಲ್ಲಿ ಮೇಲೆ ಗುರುವಿನ ಹೆಸರು, ಕೆಳಗೆ ಸಣ್ಣದಾಗಿ ನನ್ನದು. ನಿನ್ನ ನಿಜವಾದ ಹೆಸರು ಬರೆಯಲು ಹೊಟ್ಟೆಕಿಚ್ಚು ಬಿಡಲಿಲ್ಲ. ಇಲಿಮರಿ ಎಂದು ಬರೆದಿದ್ದೇನೆ.