ಜಗಲಿಯ ಮೇಲಿನ ಬೀಜದ ಪೊಟ್ಟಣ

ಬ್ಯಾಡಗಿ
ಸೋಮವಾರ, ೮ ಏಪ್ರಿಲ್ ೨೦೧೯

ಪ್ರೀತಿಯ ಸೊಸೆ ಸ್ನೇಹಾಳಿಗೆ ಅತ್ತೆಯ ಆಶೀರ್ವಾದ.

ಇಂದು ಸೋಮವಾರದ ಉಪವಾಸ. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ನಿನ್ನ ಕಣ್ಣುರಿ ಕಡಿಮೆಯಾಯಿತೇ? ತವರೂರು ಐರಣಿಯ ಹೊಳೆಗಾಳಿಗೆ ನಿದ್ದೆ ಹತ್ತುತ್ತಿದೆಯೇ? ನಿಮ್ಮವ್ವ ಹೊಳಿಯವ್ವನಿಗೆ ಶರಣು ಹೇಳು. ಫೋನ್ ಮಾಡಬಹುದಿತ್ತು, ಆದರೆ ಕೆಲವು ಮಾತು ಬರೆದೇ ಹೇಳಬೇಕೆನಿಸಿತು.

ನಿನ್ನ ಕಂಪ್ಯೂಟರಿನ ಮೇಲೆ ಹೊದಿಸಿದ ಬಟ್ಟೆ ಹಾಗೆಯೇ ಇದೆ. "ಇಡೀ ದಿನ ಒಂದಕ್ಷರ ತಗದು ಇನ್ನೊಂದಕ್ಷರ ಇಡೋದೂ ಒಂದು ಕೆಲಸ ಏನವಾ?" ಎಂದು ನಿನ್ನನ್ನು ಕಾಡಿಸುತ್ತಿದ್ದೆ. ನೀನು ಸಿಟ್ಟಾಗದೆ, ನನ್ನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ತಿಳಿಸಿ ಹೇಳಿದೆ. ಕಂಪ್ಯೂಟರಿನ ಬುಡದಲ್ಲಿ ಅದರ ಎಲ್ಲ ಕೆಲಸ ನಡೆಸುವ ಕರ್ನಲ್ ಎಂಬ ಪ್ರೋಗ್ರಾಂ ಇದೆ. ಏನಾದರೂ ಕೆಟ್ಟರೆ ಯಾವ ಭಾಗದಲ್ಲಿ ಕೆಟ್ಟಿತೆಂದು ಹೆಸರು ತೋರಿಸುವ ಗುರುತುಗಳು ಅದರಲ್ಲಿವೆ. ಹಳೆಯ ಗುರುತು ತೆಗೆದು ಹೊಸ ಗುರುತು ಹಾಕಬೇಕು. "ಹಳೇದು ಒಂದು ಉಳದರೂ ಮುಂದ ಹೆಸರಿನ ಜಾಗಾದಾಗ ಬರೇ ಅಂಕಿ ಬರ್ತಾವ್ರಿ ಅತ್ತಿ. ತಪ್ಪು ಎಲ್ಲೇತಿ ಅಂತ ತಿಳಿಯೂದಿಲ್ಲ."

ಆ ಮಾತೇ ಈಗ ಚುಚ್ಚುತ್ತಿದೆ. ಯಾವುದು ನೋಡಿಯಾಯಿತು, ಯಾವುದು ಉಳಿಯಿತು ಎಂದು ನೀನು ಬರೆದಿಟ್ಟಿದ್ದ ಮೂರು ಹಾಳೆ ಕಾಣೆಯಾದವು. ನೀನು ನೆನಪಿನ ಮೇಲೆಯೇ ಕೆಲಸ ಮುಗಿಸಿ ಕಳಿಸಿದೆ. ನಾಲ್ಕು ಕಡೆ ಹಳೆಯದು ಉಳಿದಿದೆಯೆಂದು ಆ ಕೆಲಸದ ಹಿರಿಯರು ಎಲ್ಲರೂ ಓದುವಂತೆ ಬರೆದು ಮರಳಿಸಿದರು. ನನ್ನ ಮಗ ಪ್ರವೀಣಕುಮಾರನೂ ಸುಮ್ಮನಿರಲಿಲ್ಲ: "ಮೂರು ಹಾಳಿ ಇಟ್ಕೊಳ್ಳಾಕ ಬರೂದಿಲ್ಲ, ಜಗತ್ತಿನ ಕಂಪ್ಯೂಟರ್ ರಿಪೇರಿ ಮಾಡಾಕ ಹೊಂಟಾಳ!" ನಾನು ಮೊರದ ಮೇಲಿಂದ ಮುಖ ಎತ್ತಲಿಲ್ಲ. "ಇನ್ನ ಈ ಕೆಲಸ ಸಾಕ್ರಿ ಅತ್ತಿ" ಎಂದು ನೀನು ಚೀಲ ಹಿಡಿದು ತವರಿಗೆಂದು ರಾಣೆಬೆನ್ನೂರಿನ ಬಸ್ಸು ಹತ್ತಿದಾಗಲೂ ತುಟಿ ಬಿಚ್ಚಲಿಲ್ಲ.

ಕೆಲಸ ಬಿಡಬೇಡ ಮಗಳೇ. ಶಿವನು ನಿನ್ನ ಕೈಗೂ ಕಣ್ಣಿಗೂ ಬಲ ಕೊಡಲಿ.

ನಿನ್ನ ಅತ್ತೆ,
ಪ್ರೇಮವ್ವ

ತಾ.ಕ.: ಆ ಹಾಳೆ ತೆಗೆದುಕೊಂಡವಳು ನಾನು. ಬಿತ್ತನೆಯ ಮೆಣಸಿನ ಬೀಜ ಕಟ್ಟಲು ಕಾಗದ ಸಿಗಲಿಲ್ಲ. ನಿನಗೆ ಬೇಡವಾದದ್ದು ಎಂದುಕೊಂಡೆ. ಪೂಜೆ ಮಾಡಿ ದೇವರ ಜಗಲಿಯ ಮೇಲಿಟ್ಟ ಪೊಟ್ಟಣವನ್ನು ಬಿತ್ತುವ ದಿನದವರೆಗೆ ಬಿಚ್ಚಬಾರದೆಂಬುದು ನಮ್ಮ ಮನೆಯ ನೇಮ. ನೀನು ಹುಡುಕಾಡುವಾಗ ನನಗೆ ಎಲ್ಲ ಗೊತ್ತಿತ್ತು. ನೇಮದ ನೆವ ಹೇಳಿಕೊಂಡೆ, ಖರೇ ಅಂದರೆ ಅಂಜಿದ್ದೆ. ಇಂದು ದೇವರಿಗೆ ತಪ್ಪೊಪ್ಪಿಕೊಂಡು ಬಿಚ್ಚಿದೆ, ಪ್ರವೀಣನಿಗೂ ಹೇಳಿದೆ. ಮೂರೂ ಹಾಳೆ ಈ ಪತ್ರದ ಲಕೋಟೆಯೊಳಗಿವೆ. ಖಾರ ಹತ್ತಿದೆ, ಮುಟ್ಟಿ ಕಣ್ಣಿಗೆ ಕೈ ಹಚ್ಚಬೇಡ. ತಪ್ಪು ಎಲ್ಲಾಯಿತೆಂದು ಆ ಹಿರಿಯರು ಕೇಳಿದರೆ ನನ್ನ ಹೆಸರನ್ನೇ ಬರೆ. ಪತ್ರ ತಂದ ನೆರೆಮನೆಯ ರಸೂಲಬಿ ನಾಳೆ ಸಂಜೆ ಐರಣಿಯಿಂದ ಮರಳುತ್ತಾಳೆ. ಬೈದು ಬರೆದರೂ ಸರಿ, ನಿನ್ನ ಉತ್ತರ ಅವಳ ಕೈಯಲ್ಲಿ ಕೊಡು. ಮರೆಯದೆ ಇಸಿದುಕೊಂಡು ಬಾ ಎಂದು ಅವಳಿಗೂ ಹೇಳಿದ್ದೇನೆ.